ಖಾನಾಪುರಕ್ಕೊಂದು ಟಿಕೀಟು

ಬೆಳಗಾವಿ ನೋಡಲೆಂದೇ ಬೆಳಗಾವಿಗೆ ಬರುವವರು ಕಡಿಮೆ. ಗೋವಾಕ್ಕೆ ಹೊರಟವರು ಇಲ್ಲಿ ಚಹಾ ಕುಡಿಯುತ್ತಾರೆ. ಕೊಲ್ಹಾಪುರದ ಮಹಾಲಕ್ಷ್ಮಿಗೆ ಹೊರಟವರು ಇಲ್ಲಿ ನಾಷ್ಟಾ ಮುಗಿಸುತ್ತಾರೆ. ಆಂಬೋಲಿಯ ಮಳೆಯಲ್ಲಿ ತೋಯಿಸಿಕೊಳ್ಳಲು ಹೊರಟ ಹುಡುಗರು ಇಲ್ಲಿ ಪೆಟ್ರೋಲ್ ಹಾಕಿಸುತ್ತಾರೆ. 2012ರಲ್ಲಿ ಸುವರ್ಣ ವಿಧಾನಸೌಧ ಎದ್ದ ಮೇಲೆ ಚಳಿಗಾಲದ ಅಧಿವೇಶನಕ್ಕೆ ಬರುವ ದೊಡ್ಡವರೂ ಸೌಧದಿಂದ ಲಾಡ್ಜಿಗೆ, ಲಾಡ್ಜಿನಿಂದ ಸೌಧಕ್ಕೆ ಓಡಾಡಿ, ಕೊನೆಯ ದಿನ ಕುಂದಾ ಕಟ್ಟಿಸಿಕೊಂಡು ರೈಲು ಹತ್ತುತ್ತಾರೆ. ಹೀಗೆ ಎಲ್ಲರೂ ಹಾದು ಹೋಗುವ ಊರಿನಲ್ಲಿ ಕೂತು, ಪ್ರವಾಸ ಲೇಖನ ಬರೆದು ನಾಲ್ಕು ಕಾಸು ಮಾಡುತ್ತೇನೆಂದು ಒಬ್ಬ ಹೊರಟರೆ ಮನೆಯವರು ಏನನ್ನಬೇಕೋ ನಮ್ಮವ್ವನೂ ಅದನ್ನೇ ಅಂದಳು.

“ಊರ ತಿರಗಾಕ ರೊಕ್ಕ ಕೊಡ್ತಾರಂತನ?”

“ತಿರಗಾಕಲ್ಲಬೇ, ತಿರಗಿದ್ದನ್ನ ಬರಿಯಾಕ.”

“ಮತ್ತ ತಿರಗೂ ರೊಕ್ಕ ಯಾರ ಕೊಡ್ತಾರ?”

“ಅದನ್ನ ನಾನ ಹಾಕ್ಬೇಕು.”

“ಹಂಗಾರ ಮನ್ಯಾಗ ಕುಂತ ಬರಿ.”

ಹವ್ಯಾಸಿ ಬರಹಗಾರರ ಅರ್ಥಶಾಸ್ತ್ರದ ಬಗ್ಗೆ ಆಮೇಲೆ ನಾನು ಎಷ್ಟೋ ಓದಿದೆ, ಕೇಳಿದೆ. ಅವ್ವನ ಈ ಮೂರು ಮಾತುಗಳಿಗಿಂತ ಮುಂದೆ ಯಾರೂ ಹೋಗಿಲ್ಲ.

ನನ್ನ ಉಪಜೀವನ ಅತಿಥಿ ಉಪನ್ಯಾಸಕನದು. ಇತಿಹಾಸ ಕಲಿಸುತ್ತೇನೆ. ವರ್ಷದಲ್ಲಿ ಕೆಲವು ತಿಂಗಳು ಉಪನ್ಯಾಸಕ, ಉಳಿದ ತಿಂಗಳು ಬರೀ ಅತಿಥಿ. ಆ ಉಳಿದ ತಿಂಗಳುಗಳನ್ನು ತುಂಬಿಕೊಳ್ಳಲು ಟ್ಯೂಷನ್ ಇತ್ತು, ವಿಮೆ ಇತ್ತು. ಅವನ್ನು ಬಿಟ್ಟು ಇದನ್ನೇ ಹಿಡಿದದ್ದೇಕೆ ಎಂದರೆ ಬಸ್ಸಿನ ಕಿಟಕಿ ಸೀಟಿನ ಮೇಲಿನ ಆಸೆ ಎಂದಲ್ಲದೆ ಬೇರೆ ಕಾರಣ ಹೇಳಲಾರೆ. ದೇಶ ಸುತ್ತು, ಕೋಶ ಓದು ಎಂದ ಹಿರಿಯರು ಬಸ್ ಚಾರ್ಜಿನ ಮಾತು ಎತ್ತಲೇ ಇಲ್ಲ.

ಕನ್ನಡದಲ್ಲಿ ಪ್ರವಾಸ ಕಥನಕ್ಕೇನೂ ಬರವಿಲ್ಲ. ವಿ. ಸೀತಾರಾಮಯ್ಯನವರ ‘ಪಂಪಾಯಾತ್ರೆ’, ಕಾರಂತರ ‘ಅಬೂವಿನಿಂದ ಬರಾಮಕ್ಕೆ’, ಗೋಕಾಕರ ‘ಸಮುದ್ರದಾಚೆಯಿಂದ’, ತೇಜಸ್ವಿಯವರ ಅಂಡಮಾನ್, ನೇಮಿಚಂದ್ರರ ಪೆರು. ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕಂತೂ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೇ ಬಂತು. ಆದರೆ ಇವರಲ್ಲಿ ಯಾರ ಮನೆಯ ಒಲೆಯೂ ಪ್ರವಾಸ ಬರಹದಿಂದ ಉರಿದದ್ದಲ್ಲ. ಗೋಕಾಕರು ಆಕ್ಸ್‌ಫರ್ಡಿಗೆ ಓದಲು ಹೋದರು, ಗೊರೂರರು ಅಮೆರಿಕದಲ್ಲಿದ್ದ ತಮ್ಮವರ ಮನೆಗೆ ಹೋದರು, ತೇಜಸ್ವಿಯವರಿಗೆ ಕಾಫಿ ತೋಟವಿತ್ತು, ನೇಮಿಚಂದ್ರ ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದರು. ಹೋದರು, ಬಂದರು, ಬರೆದರು, ಬರೆಯಲೆಂದು ಹೋದದ್ದಲ್ಲ. ಇಂಗ್ಲಿಷಿನಲ್ಲಿ 2001ರಲ್ಲಿ ಔಟ್‌ಲುಕ್ ಟ್ರಾವೆಲರ್ ಬಂದಾಗ ಪ್ರವಾಸಕ್ಕೇ ಮೀಸಲಾದ ಮಾಸಪತ್ರಿಕೆ ಎಂದರೇನು ಎಂಬುದು ನಮಗೂ ಗೊತ್ತಾಯಿತು. ಕನ್ನಡದಲ್ಲಿ ಪ್ರವಾಸಕ್ಕೆ ಸಿಗುವುದು ಪುರವಣಿಯ ಒಂದು ಪುಟ. ಅದರಲ್ಲೂ ಅರ್ಧ ಚಿತ್ರ, ಕಾಲು ಜಾಹೀರಾತು. ಉಳಿದ ಕಾಲಿನಲ್ಲಿ ನಾನು ಕಾಲೂರಬೇಕು.

ಆ ಪುಟ ನೋಡಿಕೊಳ್ಳುವವರ ಮೇಜಿನ ಮೇಲೆ ವಾರ ವಾರವೂ ಬಂದು ಬೀಳುವುದು ಹಂಪಿ, ಬಾದಾಮಿ, ಜೋಗ, ಮಡಿಕೇರಿ. ಕಳಿಸುವವರಲ್ಲಿ ಅರ್ಧ ಜನ ನಿವೃತ್ತರು, ಹಣ ಕೇಳದವರು, ಹೆಸರು ಬಂದರೆ ಸಾಕೆನ್ನುವವರು. ಅವರ ಜೊತೆ ನಾನು ದರದ ಪೈಪೋಟಿ ಮಾಡುವುದು ಸಾಧ್ಯವೇ ಇಲ್ಲ. ಪುಕ್ಕಟೆಗಿಂತ ಅಗ್ಗವಾಗಿ ಬರೆಯುವುದು ಹೇಗೆ? ಅದಕ್ಕೇ ಅವರು ಯಾರೂ ಕಳಿಸದ ನಮ್ಮ ಪಕ್ಕದ ತಾಲ್ಲೂಕಿನ ಹೆಸರು ಹೇಳಿ ಒಂದು ಪತ್ರ ಬರೆದೆ. ಬೆಂಗಳೂರಿನ ವಾರಪತ್ರಿಕೆಯೊಂದರ ಉಪಸಂಪಾದಕಿ ಫೋನ್ ಮಾಡಿದರು. ದನಿಯಲ್ಲಿ ಅವಸರವಿತ್ತು, ಸೌಜನ್ಯವೂ ಇತ್ತು.

“ಸರ್, ಖಾನಾಪುರ ಅನ್ನೋದು ಒಂದು ಜಾಗ. ಜಾಗ ಮ್ಯಾಪಿನಲ್ಲೇ ಇದೆ. ನಂಗೆ ಜಾಗ ಬೇಡ, ಸಂಗತಿ ಬೇಕು. ಎರಡೇ ಸಾಲಲ್ಲಿ ಹೇಳಿ.”

ಇಡೀ ಕಸುಬು ಆ ಎರಡು ಸಾಲಿನಲ್ಲಿದೆ. ಪತ್ರಿಕೆಯವರು ಪಿಚ್ ಎನ್ನುತ್ತಾರೆ. ಎಲ್ಲಿಗೆ ಹೋಗುತ್ತೀರಿ ಎಂಬುದಲ್ಲ. ಅಲ್ಲಿ ಏನಿದೆ, ಈಗಲೇ ಯಾಕೆ, ಅದನ್ನು ನೀವೇ ಯಾಕೆ ಬರೆಯಬೇಕು. ಮೂರನೆಯ ಪ್ರಶ್ನೆಗೆ ಉತ್ತರ ಹೇಳಲು ಬಹಳ ಮಂದಿ ತಡವರಿಸುತ್ತಾರೆ. ನನಗೆ ಅದೊಂದೇ ಸುಲಭವಾಗಿ ಬರುತ್ತಿತ್ತು: ಬೆಳಗಾವಿ ಬಸ್ ನಿಲ್ದಾಣ ನನ್ನ ಮನೆಯಿಂದ ಹತ್ತಿರ, ಖಾನಾಪುರ ಅಲ್ಲಿಂದ ಇಪ್ಪತ್ತೈದು ಚಿಲ್ಲರೆ ಕಿಲೋಮೀಟರು, ಮಧ್ಯಾಹ್ನದ ಪಾಠ ಮುಗಿಸಿ ಹೊರಟರೂ ರಾತ್ರಿಯ ಊಟಕ್ಕೆ ಮನೆ ಸೇರಬಹುದು. ಬೆಂಗಳೂರಿನ ಬರಹಗಾರ ಒಂದು ಸಲ ಬರುವಲ್ಲಿ ನಾನು ಬೇಸಿಗೆ, ಮಳೆ, ಸುಗ್ಗಿ ಮೂರನ್ನೂ ನೋಡಿ ಬರೆಯಬಲ್ಲೆ. ಈ ಧಂದೆಯಲ್ಲಿ ಬಡವನ ಬಂಡವಾಳ ಇದೇ. ದೂರ ಹೋಗಲು ರೊಕ್ಕವಿಲ್ಲದವನು ಹತ್ತಿರಕ್ಕೆ ಮೇಲಿಂದ ಮೇಲೆ ಹೋಗಬೇಕು.

ಇದನ್ನು ನನಗಿಂತ ಮೊದಲು ಒಬ್ಬರು ಮಾಡಿ ತೋರಿಸಿದ್ದಾರೆ. ಕಾಕಾ ಕಾಲೇಲಕರ್. ಹೆಸರು ಕೇಳಿದೊಡನೆ ನಮ್ಮವರಿಗೆ ಹಿಂದುಳಿದ ವರ್ಗಗಳ ಆಯೋಗ ನೆನಪಾಗುತ್ತದೆ, ಗಾಂಧೀಜಿ ನೆನಪಾಗುತ್ತಾರೆ. ಅವರು ಇಪ್ಪತ್ತನೆಯ ಶತಮಾನದ ದೊಡ್ಡ ಪ್ರವಾಸ ಲೇಖಕರು ಎಂಬುದು ಬೆಳಗಾವಿಯವರಿಗೇ ಗೊತ್ತಿಲ್ಲ. ಹುಟ್ಟಿದ್ದು 1885ರಲ್ಲಿ ಸಾತಾರಾದಲ್ಲಿ. ಮನೆತನದ ನಂಟು ಬೆಳಗಾವಿಯ ಪಶ್ಚಿಮದ ಬೆಳಗುಂದಿಯ ಜೊತೆಗಿತ್ತು. ಬೆಳಗಾವಿಯ ಗಣೇಶ ವಿದ್ಯಾಲಯದಲ್ಲಿ ಕೆಲಕಾಲ ಮಾಸ್ತರಿಕೆ ಮಾಡಿದರು. ಮುಂದೆ ಹಿಮಾಲಯವನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಆ ಕಥನವನ್ನು ಗುಜರಾತಿಯಲ್ಲಿ ಬರೆದರು. ಮನೆಮಾತು ಮರಾಠಿ, ನೆರೆಮಾತು ಕನ್ನಡ, ಬರೆದದ್ದು ಗುಜರಾತಿ. ಗಾಂಧೀಜಿ ಅವರನ್ನು ‘ಸವಾಯಿ ಗುಜರಾತಿ’ ಎಂದು ಕರೆದರಂತೆ, ಎಂದರೆ ಗುಜರಾತಿಗಿಂತ ಕಾಲು ಪಾಲು ಹೆಚ್ಚು. ಅವರ ‘ಜೀವನಲೀಲಾ’ದಲ್ಲಿ ಭಾರತದ ದೊಡ್ಡ ದೊಡ್ಡ ನದಿಗಳೆಲ್ಲ ಇವೆ. ಅವುಗಳ ನಡುವೆ ಯಾವ ಸಂಕೋಚವೂ ಇಲ್ಲದೆ ಬೆಳಗುಂದಿಯ ಪಕ್ಕದ ಮಾರ್ಕಂಡಿಯೂ ಇದ್ದಾಳೆ, ಸಖಿಯಾಗಿ. ಬೇಸಿಗೆಯಲ್ಲಿ ದನ ದಾಟುವ ಹೊಳೆ ಅದು. ನಾವು ಮಾರ್ಕಂಡೇಯ ಎನ್ನುತ್ತೇವೆ. ರಕ್ಕಸಕೊಪ್ಪದಲ್ಲಿ ಅದಕ್ಕೆ ಒಡ್ಡು ಕಟ್ಟಿ ಬೆಳಗಾವಿಯ ನಳಕ್ಕೆ ಬಿಟ್ಟಿದ್ದಾರೆ. ಹಿಂದಿ ಅನುವಾದದಲ್ಲಿ ಆ ಬರಹ ಓದಿದ ಮೇಲೆ ನನ್ನ ಮನೆಯ ನಳದಲ್ಲಿ ನಾಲ್ಕು ದಿನಕ್ಕೊಮ್ಮೆ ಬರುವ ನೀರಿನ ಬಗ್ಗೆ ನನಗೆ ಗೌರವ ಹೆಚ್ಚಿತು.

ಇನ್ನೊಬ್ಬರು ಪು.ಲ. ದೇಶಪಾಂಡೆ. ಇಲ್ಲಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಕೆಲಕಾಲ ಪಾಠ ಹೇಳಿದವರು. ‘ಅಪೂರ್ವಾಯಿ’ಯಲ್ಲಿ ವಿಲಾಯತಿಯನ್ನು ಸುತ್ತಿಸಿ ಮರಾಠಿಗರನ್ನು ನಗಿಸಿದರು. ಆದರೆ ಬೆಳಗಾವಿಯ ಮಟ್ಟಿಗೆ ಅವರು ಕೊಟ್ಟ ದೊಡ್ಡ ಕಾಣಿಕೆ ‘ರಾವಸಾಹೇಬ’, ಕನ್ನಡ ಮರಾಠಿ ಎರಡನ್ನೂ ಕಲಸಿ ಬೈಗುಳದಲ್ಲಿ ಅದ್ದಿ ಮಾತಾಡುವ ನಮ್ಮೂರ ಮನುಷ್ಯ. ಬೆಳಗಾವಿ ಹೀಗೆ ಗುಜರಾತಿಗೆ ಒಬ್ಬರನ್ನು, ಮರಾಠಿಗೆ ಒಬ್ಬರನ್ನು ಕೊಟ್ಟು ಕೂತಿದೆ. ಕನ್ನಡದ ಸೀಟು ಖಾಲಿ ಇತ್ತು. ಕರವಸ್ತ್ರ ಹಾಕಿದೆ.

ಎರಡು ಸಾಲಿನ ಸಂಗತಿ ನನಗೆ ಮೊದಲು ಸಿಕ್ಕದ್ದು ಹಲಸಿಯಲ್ಲಿ. ಖಾನಾಪುರದಿಂದ ಸುಮಾರು 15 ಕಿ.ಮೀ. ಈಗ ಅದೊಂದು ಹಳ್ಳಿ. ಐದನೆಯ ಶತಮಾನದಲ್ಲಿ ಅದು ಪಲಾಶಿಕಾ. ಬನವಾಸಿಯ ಕದಂಬರ ಎರಡನೆಯ ರಾಜಧಾನಿ. ಇಲ್ಲಿ ಸಿಕ್ಕ ತಾಮ್ರಪಟಗಳನ್ನು ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ ಹತ್ತೊಂಬತ್ತನೆಯ ಶತಮಾನದಲ್ಲಿ ಓದಿ ಪ್ರಕಟಿಸಿದ. ಅವುಗಳಲ್ಲೊಂದರಲ್ಲಿ ಮೃಗೇಶವರ್ಮ ತನ್ನ ತಂದೆಯ ನೆನಪಿಗೆ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿದ ಮಾತಿದೆ. ಕ್ಲಾಸಿನಲ್ಲಿ ಇದನ್ನು ಹೇಳಿದರೆ ಹುಡುಗರು ಆಕಳಿಸುತ್ತಾರೆ. ಉಪಸಂಪಾದಕಿಗೆ ನಾನು ಬರೆದ ಸಾಲು ಇದು: “ಬನವಾಸಿಗೆ ಎಲ್ಲರೂ ಹೋಗುತ್ತಾರೆ. ಅದೇ ರಾಜರ ಇನ್ನೊಂದು ರಾಜಧಾನಿಗೆ ದಿನಕ್ಕೆ ಎಷ್ಟು ಬಸ್ಸಿದೆ, ಅದರಲ್ಲಿ ಯಾರು ಕೂತಿರುತ್ತಾರೆ?” ಉತ್ತರ ಬಂತು: “ಬರೀರಿ. 800 ಪದ. ದಿನಕ್ಕೆ ಎಷ್ಟು ಬಸ್ಸು ಅನ್ನೋದು ನಿಜವಾಗ್ಲೂ ಇರ್ಲಿ.”

ಖಾನಾಪುರದ ಬಸ್ ನಿಲ್ದಾಣದಲ್ಲಿ ಬಸ್ಸಿನ ವೇಳೆ ತಿಳಿಯುವುದು ಶಾಸನ ಓದುವುದಕ್ಕಿಂತ ಕಷ್ಟ. ಅಲ್ಲಿ ಕೂತಿದ್ದ ಅಜ್ಜನನ್ನು ಕೇಳಿದೆ, “ಹಲಸಿ ಬಸ್ ಎಷ್ಟಕ್ಕೈತ್ರಿ?” ಅಜ್ಜ ಮರಾಠಿಯಲ್ಲಿ ಹೇಳಿದ, “ಆತ್ತಾಚ್ ಗೇಲಿ.” ಈಗಷ್ಟೇ ಹೋಯಿತು. ಪಕ್ಕದ ಹೆಂಗಸು ಕನ್ನಡದಲ್ಲಿ ತಿದ್ದಿದಳು, “ಹೋಗಿಲ್ರಿ, ಅಲ್ಲೇ ನಿಂತೈತಿ ನೋಡ್ರಿ. ಡ್ರೈವರ್ ಚಾ ಕುಡ್ಯಾಕತ್ತಾನ.” ಮೂರನೆಯವನೊಬ್ಬ ಕೊಂಕಣಿಯಲ್ಲಿ ಏನೋ ಅಂದ, ಮೂವರೂ ನಕ್ಕರು, ಬಹುಶಃ ನನ್ನ ನೋಡಿ. ಬೆಂಗಳೂರಿನ ಗೆಳೆಯರು ಗಡಿ ವಿವಾದದ ಬಗ್ಗೆ ಬರಿ ಎನ್ನುತ್ತಿರುತ್ತಾರೆ. ಗಡಿ ವಿವಾದ ಬೇಕಾದರೆ ಬೆಂಗಳೂರಿನಲ್ಲೂ ಮುಂಬೈಯಲ್ಲೂ ಬೇಕಾದಷ್ಟು ಸಿಗುತ್ತದೆ. ಖಾನಾಪುರದ ಬಸ್ಸಿನಲ್ಲಿ ಇರುವುದು ಸೀಟಿನ ವಿವಾದ, ಅದನ್ನು ಮೂರೂ ಭಾಷೆಯಲ್ಲಿ ಆಡುತ್ತಾರೆ.

2023ರ ಜೂನ್ 11ರಿಂದ ಆ ವಿವಾದದಲ್ಲಿ ಹೆಂಗಸರದ್ದೇ ಮೇಲುಗೈ. ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದಂದಿನಿಂದ ಆಧಾರ್ ಕಾರ್ಡು ಹಿಡಿದು ಅವರು ಹೋಗದ ಊರಿಲ್ಲ. ಹಲಸಿ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದ ಮಾವಶಿಗೆ ಸವದತ್ತಿ ಎಲ್ಲಮ್ಮನಿಂದ ಹಿಡಿದು ಧರ್ಮಸ್ಥಳದವರೆಗೆ ಪ್ರತಿ ಬಸ್ ನಿಲ್ದಾಣದ ಶೌಚಾಲಯದ ಸ್ಥಿತಿ ಬಾಯಿಪಾಠವಾಗಿತ್ತು. ಎಲ್ಲಿ ಊಟ ಕಡಿಮೆ ದುಡ್ಡಿಗೆ ಸಿಗುತ್ತದೆ, ಎಲ್ಲಿ ಕಂಡಕ್ಟರ್ ಮುಖ ಗಂಟು ಹಾಕುತ್ತಾನೆ, ಎಲ್ಲಿ ರಾತ್ರಿ ಉಳಿಯಬಹುದು, ಎಲ್ಲವೂ. ನಾನು ವಹಿಯಲ್ಲಿ ಗೀಚಿಕೊಳ್ಳುವುದನ್ನು ನೋಡಿ ಕೇಳಿದಳು, “ಏನ್ ಬರ್ಯಾಕತ್ತಿ ತಮ್ಮಾ?”

“ಊರಿನ ಬಗ್ಗೆರಿ ಮಾವಶಿ. ಪೇಪರಿಗೆ.”

“ಯಾರ್ ಓದ್ತಾರ?”

“ಬೆಂಗಳೂರಾಗ ಓದ್ತಾರ.”

“ಅಲ್ಲೇ ಕುಂತು ಓದ್ತಾರೋ, ಇಲ್ಲಿಗೆ ಬರ್ತಾರೋ?”

ಯಾವ ಸಂಪಾದಕರೂ ನನ್ನನ್ನು ಇಷ್ಟು ಮೊನಚಾಗಿ ಕೇಳಿಲ್ಲ. ಈ ಹೆಂಗಸರಲ್ಲಿ ನಾಲ್ಕು ಮಂದಿ ಬರೆಯಲು ಕೂತರೆ ನನ್ನಂಥವರಿಗೆ ಕೆಲಸವಿರುವುದಿಲ್ಲ. ಪ್ರವಾಸ ಖರ್ಚಿನ ಬಾಬತ್ತಿನಲ್ಲಿ ಅವರ ಮುಂದೆ ನಾನು ನಿಲ್ಲಲಾರೆ.

ಹಲಸಿಯ ಭೂವರಾಹ ನರಸಿಂಹ ದೇವಾಲಯ ಗೋವೆಯ ಕದಂಬರ ಕಾಲದ್ದು, ಹನ್ನೆರಡನೆಯ ಶತಮಾನ. ಎರಡು ಗರ್ಭಗುಡಿಗಳು ಎದುರುಬದರು. ಒಂದರಲ್ಲಿ ನರಸಿಂಹ, ಇನ್ನೊಂದರಲ್ಲಿ ವರಾಹ. ನಡುವಿನ ಮಂಟಪದಲ್ಲಿ ನಿಂತವನು ಯಾವ ದೇವರಿಗೆ ಕೈಮುಗಿದರೂ ಇನ್ನೊಬ್ಬ ದೇವರಿಗೆ ಬೆನ್ನು ತೋರಿಸಲೇಬೇಕು. ಊರಿನವರು ಈ ಸಮಸ್ಯೆಯನ್ನು ಶತಮಾನಗಳ ಹಿಂದೆಯೇ ಬಗೆಹರಿಸಿಕೊಂಡಿದ್ದಾರೆ: ಅಡ್ಡ ನಿಂತು ಮುಗಿಯುತ್ತಾರೆ. ಇದು ಗೆಜೆಟಿಯರಿನಲ್ಲಿಲ್ಲ. 1884ರ ಬೆಳಗಾವಿ ಜಿಲ್ಲೆಯ ಗೆಜೆಟಿಯರು ನನಗೆ ಈಗಲೂ ಮೊದಲ ಆಕರ. ಕ್ಯಾಂಬೆಲ್ ಸಾಹೇಬ ಸಂತೆಯ ದಿನವನ್ನೂ ಬಿಡದೆ ಬರೆಸಿದ್ದಾನೆ. ಆದರೆ ಅಡ್ಡ ನಿಂತು ಕೈಮುಗಿಯುವವರನ್ನು ಕಾಣಬೇಕಾದರೆ ಗುಡಿಯ ಕಟ್ಟೆಯ ಮೇಲೆ ಮಧ್ಯಾಹ್ನ ಕೂಡಬೇಕು. 800 ಪದದಲ್ಲಿ ಓದುಗರು ನೆನಪಿಟ್ಟುಕೊಂಡು ನನಗೆ ಬರೆದದ್ದು ಅದೊಂದೇ ವಿಷಯ. ಮೃಗೇಶವರ್ಮನ ಬಗ್ಗೆ ಯಾರೂ ಬರೆಯಲಿಲ್ಲ.

ಹಲಸಿಯ ಹತ್ತಿರವೇ ನಂದಗಡ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರು. ಸಮಾಧಿಯ ಹತ್ತಿರದ ಆಲದ ಮರಕ್ಕೆ ಮಕ್ಕಳಿಲ್ಲದವರು ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ. ನೇಣಿನ ನೆನಪಿರುವಲ್ಲಿ ತೊಟ್ಟಿಲು ತೂಗುವುದನ್ನು ನೋಡಿದವನಿಗೆ ವಿಶೇಷಣ ಹುಡುಕುವ ಶ್ರಮ ಬೇಕಿಲ್ಲ. ನನ್ನ ಮಟ್ಟಿಗೆ ಪ್ರವಾಸ ಬರಹವನ್ನು ಹಾಳು ಮಾಡುವುದು ವಿಶೇಷಣಗಳೇ. ‘ರಮಣೀಯ’, ‘ನಯನ ಮನೋಹರ’, ‘ಕಣ್ಮನ ಸೆಳೆಯುವ’: ಈ ಮೂರನ್ನು ನಿಷೇಧಿಸಿದರೆ ನಮ್ಮ ಪುರವಣಿಗಳ ಪ್ರವಾಸ ಪುಟ ಅರ್ಧಕ್ಕೆ ಇಳಿಯುತ್ತದೆ, ಜಾಹೀರಾತಿಗೆ ಇನ್ನಷ್ಟು ಜಾಗ ಸಿಗುತ್ತದೆ.

ಮಾರಾಟವಾಗುವ ಸಂಗತಿಗೆ ಇನ್ನೊಂದು ಗುಣ ಬೇಕು: ಓದಿದವನು ಎದ್ದು ಹೋಗುವಂತಿರಬೇಕು. ಖಾನಾಪುರದ ಮಣ್ಣಿನ ಬಗ್ಗೆ ಬರೆಯುವಾಗ ಇದು ತಿಳಿಯಿತು. ಮಲಪ್ರಭೆಯ ಆಸುಪಾಸಿನ ಮಣ್ಣು ಹಂಚಿಗೆ, ಇಟ್ಟಿಗೆಗೆ, ಮಡಕೆಗೆ ಹೇಳಿಮಾಡಿಸಿದ್ದು. ಖಾದಿ ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದೂ ಇಲ್ಲಿಯೇ. ದೇಶದ ಬೇರೆ ಬೇರೆ ಮೂಲೆಯ ಕುಂಬಾರರು ಇಲ್ಲಿಗೆ ಬಂದು ಕಲಿತು ಹೋಗುತ್ತಾರೆ. ಕರೆಂಟಿನ ತಿಗರಿಯ ಮುಂದೆ ಕೂತವನ ಕೈಯಲ್ಲಿ ಮಣ್ಣು ಏಳುವುದನ್ನು ನೋಡುತ್ತಾ ನಿಂತರೆ ಬಸ್ಸು ತಪ್ಪುತ್ತದೆ. ಇದನ್ನು ಬರೆದಾಗ ಉಪಸಂಪಾದಕಿಯ ಪ್ರಶ್ನೆಗಳು ಸಾಲಾಗಿ ಬಂದವು. ಹೊರಗಿನವರನ್ನು ಒಳಗೆ ಬಿಡುತ್ತಾರಾ? ಯಾರ ಅನುಮತಿ ಬೇಕು? ಭಾನುವಾರ ತೆರೆದಿರುತ್ತದಾ? ಕೊಳ್ಳಲು ಏನಾದರೂ ಸಿಗುತ್ತದಾ, ರೈಲಿನಲ್ಲಿ ಒಯ್ದರೆ ಒಡೆಯುತ್ತದಾ? ನನಗೆ ಮೊದಲು ಸಿಟ್ಟು ಬಂತು. ಕುಂಬಾರನ ಬೆರಳುಗಳ ಬಗ್ಗೆ ನಾನು ಬರೆದ ಪ್ಯಾರಾ ಹೇಗಿದೆ ಎಂದು ಒಂದು ಮಾತಿಲ್ಲ, ಒಡೆಯುತ್ತದಾ ಅಂತೆ! ಆದರೆ ಸಾಹಿತ್ಯಕ್ಕೂ ಈ ಕಸುಬಿಗೂ ನಡುವಿನ ಗೆರೆ ಇರುವುದೇ ಆ ಪ್ರಶ್ನೆಯಲ್ಲಿ. ಮತ್ತೆ ಬಸ್ಸು ಹತ್ತಿ ಕೇಳಿಕೊಂಡು ಬಂದೆ. ಹುಲ್ಲು ಸುತ್ತಿ ಕೊಡುತ್ತಾರೆ, ಒಡೆಯುವುದಿಲ್ಲ.

ಎದ್ದು ಹೋಗಬೇಕು ಎಂದೆನಲ್ಲ, ಅದಕ್ಕೆ ವಿರುದ್ಧವಾದ ಮಾತೂ ಖಾನಾಪುರದಲ್ಲೇ ಇದೆ. ತಾಲ್ಲೂಕಿನ ಪಶ್ಚಿಮ ಭಾಗವೆಲ್ಲ ಘಟ್ಟದ ಕಾಡು. 2011ರಲ್ಲಿ ಭೀಮಗಡ ವನ್ಯಧಾಮವಾಯಿತು. ಅದರೊಳಗೆ ತಳೇವಾಡಿಯ ಕಡೆ ಬಾರಾಪೇಡೆ ಗುಹೆಗಳಿವೆ. ಅಲ್ಲಿ ಸಿಕ್ಕ ಒಂದು ಬಾವಲಿಗೆ 1913ರಲ್ಲಿ ರಾಟನ್ ಎಂಬುವನ ಹೆಸರಿಟ್ಟರು. ಬಾಲವನ್ನು ಚರ್ಮದ ಹಂಗಿಲ್ಲದೆ ಹೊರಗೆ ಚಾಚಿಕೊಂಡ, ಮುಖಕ್ಕಿಂತ ಕಿವಿಯೇ ದೊಡ್ಡದಾದ ಪ್ರಾಣಿ. ಮೇಘಾಲಯದಲ್ಲೂ ಕಾಂಬೋಡಿಯಾದಲ್ಲೂ ಕಾಣಿಸುವ ತನಕ, ಸುಮಾರು ತೊಂಬತ್ತು ವರ್ಷ, ಲೋಕದಲ್ಲಿ ಅದಕ್ಕಿದ್ದ ವಿಳಾಸ ಖಾನಾಪುರ ತಾಲ್ಲೂಕು ಒಂದೇ. ಎರಡು ಸಾಲಿನ ಸಂಗತಿ ಇದಕ್ಕಿಂತ ಬೇರೆ ಬೇಕೇ? ಆದರೆ ಟಾರ್ಚು ಹಿಡಿದ ನಾಲ್ಕು ಗುಂಪು ಒಳಗೆ ಹೋದರೆ ಬಾವಲಿಗೆ ಆ ವಿಳಾಸವೂ ಇಲ್ಲ. ಈ ಲೇಖನವನ್ನು ನಾನು ಪ್ರವಾಸ ಪುಟಕ್ಕೆ ಕೊಡಲಿಲ್ಲ. ದಾರಿ, ದೂರ, ಗೂಗಲ್ ನಕ್ಷೆ ಯಾವುದೂ ಇಲ್ಲದೆ ವಿಜ್ಞಾನದ ಪುಟಕ್ಕೆ ಕೊಟ್ಟೆ. ಹೋಗಬೇಡಿ ಎಂದು ಬರೆದದ್ದಕ್ಕೂ ಗೌರವಧನ ಬಂತು, ಅದೂ ಹೋಗಿ ಎಂದು ಬರೆದದ್ದಕ್ಕಿಂತ ಬೇಗ.

ಜಲಪಾತಗಳದ್ದು ಇದೇ ಪಾಡು, ಇನ್ನೂ ಕೆಟ್ಟದ್ದು. ಜಾಂಬೋಟಿಯಿಂದ ಆಚೆ ಮಳೆಗಾಲದಲ್ಲಿ ಪ್ರತಿ ತಿರುವಿನಲ್ಲೂ ನೀರು ಬೀಳುತ್ತದೆ. ಅಮಗಾಂವ್‌ನಂಥ ಊರು ಮಳೆಯ ವಿಷಯದಲ್ಲಿ ಆಗುಂಬೆಯ ಜೊತೆ ಪೈಪೋಟಿಗೆ ನಿಲ್ಲುತ್ತದೆ. ಅರ್ಧ ನಿಮಿಷದ ರೀಲ್ ಮಾಡುವ ಹುಡುಗರು ‘ಯಾರಿಗೂ ಗೊತ್ತಿಲ್ಲದ ಜಾಗ’ ಎಂದು ಹಾಕಿದ ಭಾನುವಾರದ ಮುಂದಿನ ಭಾನುವಾರ ಅಲ್ಲಿ ಜಾತ್ರೆ. ಬಾಟಲಿ ಒಡೆಯುತ್ತಾರೆ, ಜಾರಿ ಬೀಳುತ್ತಾರೆ, ಆಮೇಲೆ ಅರಣ್ಯ ಇಲಾಖೆಯವರು ದಾರಿಗೆ ಅಡ್ಡ ಕಟ್ಟಿ ಎಲ್ಲರನ್ನೂ ತಿರುಗಿಸಿ ಕಳಿಸುತ್ತಾರೆ, ಅಲ್ಲೇ ಹುಟ್ಟಿದವನನ್ನೂ ಒಮ್ಮೊಮ್ಮೆ. ರೀಲ್‌ನವರು ನಮ್ಮ ಕಸುಬನ್ನು ಕಸಿದುಕೊಂಡರು ಎಂದು ಗೆಳೆಯರು ಗೊಣಗುತ್ತಾರೆ. ನನಗೆ ಹಾಗನಿಸುವುದಿಲ್ಲ. ಜಾಗ ತೋರಿಸುವ ಕೆಲಸ ಅವರು ಒಯ್ದರು, ಒಯ್ಯಲಿ. ಅದರಲ್ಲಿ ನಮಗೆ ಯಾವತ್ತೂ ದೊಡ್ಡ ಲಾಭವಿರಲಿಲ್ಲ.

ಬೆಳಗಾವಿ ಪಟ್ಟಣದೊಳಗೇ ಹುಡುಕಿದರೂ ಆದೀತು. ಕೋಟೆಯ ಕಮಲ ಬಸದಿಗೆ ಬಂದವರೆಲ್ಲ ಮಂಟಪದ ಒಳಮಾಡಿನ ಕಲ್ಲಿನ ಕಮಲದ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲ, ಕ್ರಿ.ಶ. 1204, ಕಟ್ಟಿಸಿದವನು ಮಂತ್ರಿ ಬೀಚಿರಾಜ ಎಂಬಲ್ಲಿಗೆ ಎಲ್ಲರ ಲೇಖನವೂ ಮುಗಿಯುತ್ತದೆ. ಆದರೆ ಇದನ್ನೆಲ್ಲ ಹೇಳುವ ಶಾಸನಗಳು ಎಲ್ಲಿವೆ? ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ. ನಮ್ಮ ಬಸದಿಯ ಜಾತಕ ಓದಲು ವಿಮಾನ ಹತ್ತಬೇಕು. ಈ ಎರಡು ಸಾಲನ್ನು ನಾನು ಇಂಗ್ಲಿಷ್ ಪತ್ರಿಕೆಯೊಂದಕ್ಕೆ ಕಳಿಸಿದೆ, ಅವರು ಒಪ್ಪಿದರು. ಲಂಡನ್ನಿನ ಟಿಕೀಟು ಕೊಡುತ್ತಾರೇನೋ ಎಂದು ಒಂದು ದಿನ ಕಾದೆ, ಕೊಡಲಿಲ್ಲ.

ಇನ್ನು ಸಂದರ್ಭ. ಪತ್ರಿಕೆಗಳಿಗೆ ಶತಮಾನೋತ್ಸವ ಎಂದರೆ ಪ್ರಾಣ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ನಡೆದದ್ದು ಇಲ್ಲಿ, ತಿಳಕವಾಡಿಯಲ್ಲಿ. ಗಂಗಾಧರರಾವ್ ದೇಶಪಾಂಡೆ ಮುಂದೆ ನಿಂತು ನಡೆಸಿದರು. ಆ ನಗರಕ್ಕೆ ವಿಜಯನಗರ ಎಂದು ಹೆಸರಿಟ್ಟರು. ಬಂದವರ ಬಾಯಾರಿಕೆಗೆ ಬಾವಿ ತೋಡಿ ಅದನ್ನು ಪಂಪಾ ಸರೋವರ ಎಂದರು. 2024ರ ಡಿಸೆಂಬರಿನಲ್ಲಿ ನೂರು ತುಂಬುತ್ತದೆ ಎಂಬುದು ನನಗೆ ಮೊದಲೇ ಗೊತ್ತಿತ್ತು. ಎಲ್ಲ ಪತ್ರಿಕೆಗಳ ಸ್ವಂತ ವರದಿಗಾರರಿಗೂ ಗೊತ್ತಿತ್ತು. ಗಾಂಧೀಜಿ ಅವರ ಪಾಲಾದರು, ಬಾವಿ ನನಗೆ ಉಳಿಯಿತು. ಬಾವಿಯೇನು ಸಣ್ಣ ವಿಷಯವಲ್ಲ. ಅದು ಇನ್ನೂ ಇದೆ, ಜನ ಕಾಂಗ್ರೆಸ್ ಬಾವಿ ಎನ್ನುತ್ತಾರೆ, ರಿಕ್ಷಾದವರಿಗೆ ಅಲ್ಲಿಯ ಸ್ಮಾರಕ ವೀರಸೌಧ ಎಂದರೆ ತಿಳಿಯದಿದ್ದರೆ ಬಾವಿ ಎಂದರೆ ತಿಳಿಯುತ್ತದೆ.

ರೊಕ್ಕದ ಮಾತು ಬೇಗ ಮುಗಿಸುತ್ತೇನೆ, ಮುಗಿಸಲು ಹೆಚ್ಚೇನೂ ಇಲ್ಲ. ಒಂದು ಪತ್ರಿಕೆಯ ಲೆಕ್ಕಪತ್ರ ವಿಭಾಗದವರು ಲೇಖನ ಅಚ್ಚಾದ ಮೇಲೆ ಪ್ಯಾನ್ ಕಾರ್ಡಿನ ಪ್ರತಿಯ ಜೊತೆ ರದ್ದು ಮಾಡಿದ ಚೆಕ್ಕೊಂದನ್ನು ಕಳಿಸಲು ಹೇಳಿದರು. ಹೀಗಾಗಿ ಪ್ರವಾಸ ಬರಹದಲ್ಲಿ ನಾನು ಕಂಡ ಮೊದಲ ಚೆಕ್ಕು ನನ್ನದೇ, ಅದೂ ರದ್ದಾದದ್ದು. ಒಂದು ಸಂಸ್ಥೆಯಿಂದ ವರ್ಷಕ್ಕೆ ಬರುವ ಸಂಭಾವನೆ 50,000 ರೂಪಾಯಿ ದಾಟಿದರೆ ಶೇ 10ರಷ್ಟು ತೆರಿಗೆ ಮುರಿದುಕೊಂಡು ಕೊಡುತ್ತಾರೆ. 2025ರ ಏಪ್ರಿಲಿನ ಮೊದಲು ಆ ಮಿತಿ 30,000 ಇತ್ತು. ಮಿತಿ ಏರಿಸಿದ್ದಕ್ಕೆ ಸರಕಾರಕ್ಕೆ ಧನ್ಯವಾದ ಹೇಳಬಹುದಿತ್ತು, ಹಳೆಯ ಮಿತಿಯನ್ನಾದರೂ ಮುಟ್ಟಿದ್ದರೆ. ಹೊಸಬರು ಇದಕ್ಕಿಂತ ಮುಖ್ಯವಾಗಿ ತಿಳಿಯಬೇಕಾದದ್ದು 1957ರ ಕೃತಿಸ್ವಾಮ್ಯ ಕಾಯ್ದೆ. ನೀವು ಪತ್ರಿಕೆಯ ನೌಕರರಲ್ಲದಿದ್ದರೆ ಬರಹದ ಮೊದಲ ಒಡೆಯರು ನೀವೇ. ಹಕ್ಕು ಬಿಟ್ಟುಕೊಡಬೇಕಾದರೆ ಲಿಖಿತವಾಗಿ ಆಗಬೇಕು. ಎಷ್ಟು ಕಾಲಕ್ಕೆ ಎಂದು ಬರೆಯದಿದ್ದರೆ ಅದು ಐದು ವರ್ಷಕ್ಕೆ ಮಾತ್ರ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹೀಗಿದ್ದೂ ‘ಸಕಲ ಹಕ್ಕುಗಳು, ಶಾಶ್ವತವಾಗಿ, ವಿಶ್ವದಾದ್ಯಂತ’ ಎಂಬ ಕಾಗದ ಬರುತ್ತದೆ. ಹಲಸಿಯ ಬಸ್ಸಿನ ವೇಳೆಯ ಮೇಲೆ ವಿಶ್ವದಾದ್ಯಂತ ಯಾರಿಗೆ ಕಣ್ಣಿದೆಯೋ! ನಾನು ಪೆನ್ನಿನಿಂದ ಒಂದು ಗೆರೆ ಎಳೆದು ‘ಒಮ್ಮೆ ಅಚ್ಚು ಹಾಕಲು’ ಎಂದು ತಿದ್ದಿ ಸಹಿ ಮಾಡುತ್ತೇನೆ. ಈವರೆಗೆ ಯಾರೂ ಜಗಳಕ್ಕೆ ಬಂದಿಲ್ಲ. ಬಹುಶಃ ಯಾರೂ ತೆರೆದೇ ನೋಡಿಲ್ಲ. ಈ ಗೆರೆಯಿಂದಾಗಿ ಒಂದೇ ಕುಂಬಾರಿಕೆಯನ್ನು ಬೇರೆ ಬೇರೆ ರೂಪದಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಮಾರಲು ಬಂತು. ಬಸ್ ಚಾರ್ಜು ಹುಟ್ಟಿದ್ದು ಆಗಲೇ.

ಈಗ ಮಾರ್ಚ್. ಜೂನಿನ ಸಂಚಿಕೆಗೆ ಮಳೆಯ ಲೇಖನ ಈಗಲೇ ಕೊಡಬೇಕು. ತಗಡಿನ ಕೆಳಗೆ ಬೆವರು ಒರೆಸಿಕೊಳ್ಳುತ್ತಾ ಮುಂಗಾರಿನ ಬಗ್ಗೆ ಬರೆಯುವುದು ಈ ಕಸುಬಿನ ವಾರ್ಷಿಕ ಶಿಕ್ಷೆ. ಹೋದ ವರ್ಷದ ಜುಲೈನ ವಹಿ, ಫೋಟೋಗಳು ಇಲ್ಲದಿದ್ದರೆ ಆಗದ ಕೆಲಸ. ಈ ಸಲದ ಎರಡು ಸಾಲು ಹೀಗಿವೆ: “ಖಾನಾಪುರ ತಾಲ್ಲೂಕಿನ ಒಂದೇ ಕಾಡಿನಲ್ಲಿ ಎರಡು ನದಿಗಳು ಹುಟ್ಟುತ್ತವೆ. ದೇಗಾಂವ್‌ನ ಮಹದಾಯಿ ಪಶ್ಚಿಮಕ್ಕೆ ತಿರುಗಿ ಪಣಜಿಯಲ್ಲಿ ಮಾಂಡವಿಯಾಗಿ ಸಮುದ್ರ ಸೇರುತ್ತಾಳೆ, ಕಣಕುಂಬಿಯ ಮಲಪ್ರಭೆ ಪೂರ್ವಕ್ಕೆ ತಿರುಗಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ; ಎರಡೂ ತೊರೆಯಾಗಿರುವಾಗಲೇ ಒಂದೇ ದಿನದಲ್ಲಿ ನೋಡಿ ಬರಲು ಸಾಧ್ಯವೇ?” ಕೆಳಗೆ ನನ್ನ ಇತಿಹಾಸದ ಚಾಳಿಗೆ ತಕ್ಕಂತೆ 2018ರ ನ್ಯಾಯಮಂಡಳಿ ತೀರ್ಪು, ಕರ್ನಾಟಕಕ್ಕೆ ಸಿಕ್ಕ 13.42 ಟಿಎಂಸಿ ಅಡಿ, ಕಳಸಾ ನಾಲೆ, ಗೋವಾದ ತಕರಾರು ಎಲ್ಲ ಸೇರಿಸಿ ಕಳಿಸಿದ್ದೆ.

ಇವತ್ತು ಬೆಳಿಗ್ಗೆ ವಾಟ್ಸ್ಆ್ಯಪಿನಲ್ಲಿ ಉತ್ತರ ಬಂದಿದೆ. “ಒಪ್ಪಿದೆ ಸರ್. ಟಿಎಂಸಿ ಎಲ್ಲ ರಾಜಕೀಯ ಪುಟದವರು ನೋಡ್ಕೋತಾರೆ, ಅದನ್ನ ಒಂದು ಸಾಲಿಗೆ ಇಳಿಸಿ. ಕಣಕುಂಬಿಯಲ್ಲಿ ಮಧ್ಯಾಹ್ನ ಊಟ ಎಲ್ಲಿ ಸಿಗುತ್ತೆ?”

ಗೊತ್ತಿಲ್ಲ. ನಾನು ಹೋದಾಗಲೆಲ್ಲ ಅವ್ವ ಕಟ್ಟಿಕೊಟ್ಟ ರೊಟ್ಟಿ ತಿಂದಿದ್ದೇನೆ. ಬುಧವಾರ ಕಾಲೇಜಿಗೆ ರಜೆ. ಮುಂಜಾನೆಯ ಬಸ್ಸಿಗೆ ಹೋಗಿ, ಬುತ್ತಿ ಒಯ್ಯದೆ, ಕೇಳಿಕೊಂಡು ಬರಬೇಕು.